ಮೈನಸ್ ಎಂಟರ ಮುಖವಾಡರಾಯ

ಮನುಷ್ಯನ ಮುಖವನ್ನು ನನ್ನಷ್ಟು ಬಲ್ಲವರು ಈ ಊರಿನಲ್ಲಿ ಇನ್ನೊಬ್ಬರಿಲ್ಲ. ಇದು ಜಂಬವಲ್ಲ, ವೃತ್ತಿ. ಇಪ್ಪತ್ತೆರಡು ವರ್ಷಗಳಿಂದ ಕನ್ನಡಕದಂಗಡಿ ನಡೆಸುತ್ತಿದ್ದೇನೆ. ಎರಡು ಕಣ್ಣುಪಾಪೆಗಳ ನಡುವೆ ಎಷ್ಟು ಮಿಲಿಮೀಟರ್, ಮೂಗಿನ ದಿಂಡು ಎಷ್ಟು ಚಪ್ಪಟೆ, ಯಾವ ಕಿವಿ ಯಾವ ಕಿವಿಗಿಂತ ಎಷ್ಟು ಮೇಲಿದೆ ಎಂಬುದನ್ನು ಎದುರಿಗೆ ಕೂತವರನ್ನು ಸುಮ್ಮನೆ ನೋಡಿಯೇ ಹೇಳಬಲ್ಲೆ. ಹಾಗೆ ಹೇಳಿ ಒಂದೆರಡು ಕಡೆ ಬೈಸಿಕೊಂಡಿದ್ದೂ ಇದೆ. ಇಂಥ ನಾನು, ಕಳೆದ ತಿಂಗಳ ಒಂದು ಶನಿವಾರ, ಲೋಕದ ಕಣ್ಣಿಗೆ ಮಣ್ಣೆರಚಿ ಮುಖವಾಡ ಧರಿಸಿದ ವೀರನಾಗುವುದೆಂದು ತೀರ್ಮಾನಿಸಿದೆ. ಲೋಕ ಎಂದರೆ ಇಲ್ಲಿ ಮುಖ್ಯವಾಗಿ ನನ್ನ ಹೆಂಡತಿ.

ಇದಕ್ಕೆಲ್ಲ ಮೂಲ ಒಂದು ಅನಿಮೆ, ಎಂದರೆ ಜಪಾನಿನ ಕಾರ್ಟೂನು ಧಾರಾವಾಹಿ. ನನ್ನ ಹೆಂಡತಿಗೆ ರಜೆ ಇದ್ದ ಮಧ್ಯಾಹ್ನ ಅವಳೂ ಹದಿಮೂರು ವರ್ಷದ ಮಗಳೂ ಸೋಫಾದ ಮೇಲೆ ಕಾಲು ಮಡಚಿ ಕೂತು ಅದನ್ನು ನೋಡುತ್ತಾರೆ. ಅದರಲ್ಲಿ ಒಬ್ಬಳು ಶಾಲೆ ಹುಡುಗಿ. ಕೊಡೆಯನ್ನು ಮೂರು ಸುತ್ತು ತಿರುಗಿಸಿದಳೆಂದರೆ ಮೈತುಂಬ ಮಿಂಚು, ಮಿನುಗುವ ಫ್ರಾಕು, ಕೈಯಲ್ಲಿ ಮಂತ್ರದಂಡ! ಆಮೇಲೆ ಊರನ್ನು ನುಂಗಲು ಬಂದ ರಾಕ್ಷಸರೊಡನೆ ಕಾದಾಟ. ಇಲ್ಲಿಯವರೆಗೆ ನನಗೆ ಯಾವ ತಕರಾರೂ ಇಲ್ಲ. ತಕರಾರು ಇರುವುದು ಇನ್ನೊಬ್ಬನ ಬಗ್ಗೆ. ಹಗಲೆಲ್ಲ ಗ್ರಂಥಾಲಯದಲ್ಲಿ ಪುಸ್ತಕಕ್ಕೆ ಮುದ್ರೆ ಒತ್ತುವ ಗುಮಾಸ್ತ. ಆಪತ್ತು ಬಂದಾಗ ಕಣ್ಣಿಗೆ ನಾಲ್ಕು ಬೆರಳು ಅಗಲದ ಕಪ್ಪು ಪಟ್ಟಿ, ಹೆಗಲಿಗೆ ನೇರಳೆ ಹೊದಿಕೆ ಹಾಕಿಕೊಂಡು ಯಾವುದಾದರೂ ಗೋಡೆಯ ಮೇಲೆ ಪ್ರತ್ಯಕ್ಷನಾಗುತ್ತಾನೆ. "ಹೆದರಿದ್ದೀಯ. ಆದರೂ ಬಂದಿದ್ದೀಯ. ಅಷ್ಟು ಸಾಕು" ಎನ್ನುತ್ತಾನೆ. ಒಂದು ನೀಲಿ ಕರವಸ್ತ್ರ ಕೆಳಗೆ ಬಿಡುತ್ತಾನೆ. ಹೋಗುತ್ತಾನೆ. ಇವನಿಗೆ ನಾನಿಟ್ಟ ಹೆಸರು ಮುಖವಾಡರಾಯ.

ಇವನು ಬಂದ ಕೂಡಲೇ ನನ್ನ ಹೆಂಡತಿ ಟಿವಿಯ ಕಡೆ ಒಂದು ಗೇಣು ಮುಂದಕ್ಕೆ ಬಾಗುತ್ತಾಳೆ. ಹದಿನಾರು ವರ್ಷದ ಸಂಸಾರದಲ್ಲಿ ಅವಳು ನನ್ನ ಕಡೆಗೆ ಹಾಗೆ ಬಾಗಿದ್ದು ನನ್ನ ಕಣ್ಣಿಗೆ ಕಸ ಬಿದ್ದಾಗ ಮಾತ್ರ.

"ಏನಿದೆ ಅವನಲ್ಲಿ?" ಎಂದು ಒಂದು ದಿನ ಕೇಳಿಯೇಬಿಟ್ಟೆ. "ಇಪ್ಪತ್ತಾರು ಕಂತು ಆಯ್ತು. ಒಂದೇ ಒಂದು ರಾಕ್ಷಸನ್ನ ಹೊಡೆದಿಲ್ಲ. ಎರಡು ಸಲ ಅವನೇ ಸಿಕ್ಕಿಹಾಕ್ಕೊಂಡ, ಆ ಹುಡುಗೀನೇ ಬಿಡಿಸಿದ್ಲು."

"ಅದಕ್ಕೇ ರೀ ಇಷ್ಟ" ಎಂದಳು ಹೆಂಡತಿ.

"ಕೆಲಸಕ್ಕೆ ಬಾರದವನು ಅಂತ ಇಷ್ಟವಾ?"

"ಅವಳ ಕೆಲಸ ಅವಳಿಗೆ ಬಿಡ್ತಾನೆ ಅಂತ ಇಷ್ಟ. ಪಕ್ಕದಲ್ಲಿ ನಿಂತು ಹೀಗೆ ಹೊಡಿ, ಹಾಗೆ ಹೊಡಿ ಅಂತ ಹೇಳಲ್ಲ."

ಈ ಮಾತು ಯಾರಿಗೆ ಎಂದು ನನಗೆ ಗೊತ್ತಾಯಿತು, ಆದರೆ ಗೊತ್ತಾಗದವನಂತೆ ಕೂತೆ. ಮಗಳು ತನ್ನ ನೋಟ್‌ಬುಕ್ ತೆರೆದಳು. ಅವಳು ಮುಖವಾಡರಾಯನ ಮೇಲೆ ನೋಟ್ಸ್ ಬರೆದಿದ್ದಾಳೆ. ವಿಜ್ಞಾನದ ನೋಟ್ಸು ಅದರ ಕಾಲು ಭಾಗ ಇಲ್ಲ. "ಸರಿಯಾದ ಹೊತ್ತಿಗೆ ಬರ್ತಾನೆ, ಒಂದೇ ಒಂದು ಚಿಕ್ಕ ಕೆಲಸ ಮಾಡ್ತಾನೆ, ಥ್ಯಾಂಕ್ಸ್ ಹೇಳೋಕೆ ಮುಂಚೆ ಹೋಗ್ತಾನೆ" ಎಂದು ಓದಿ, "ಹೋಗೋದೇ ಮುಖ್ಯ ಅಪ್ಪ. ನಿಂತ್ಕೊಂಡ್ರೆ ಕೆಟ್ಟ" ಎಂದು ಅಡಿಗೆರೆ ಎಳೆದಳು.

"ಅದಿರಲಿ. ಇಷ್ಟಗಲದ ಪಟ್ಟಿ ಕಟ್ಟಿಕೊಂಡರೆ ಗುರುತು ಸಿಗಲ್ವಾ? ದಿನಾ ಅದೇ ಗ್ರಂಥಾಲಯಕ್ಕೆ ಹೋಗ್ತಾಳೆ, ಅದೇ ಗದ್ದ, ಅದೇ ಕಿವಿ. ಆ ಹುಡುಗಿಗೆ ಕಣ್ಣಿನ ಪರೀಕ್ಷೆ ಆಗಬೇಕು. ನನ್ನ ಅಂಗಡಿಗೆ ಕಳಿಸಿ."

ಇಬ್ಬರೂ ಒಬ್ಬರ ಮುಖ ಒಬ್ಬರು ನೋಡಿಕೊಂಡರು. ನನಗೆ ಏನೂ ತಿಳಿಯದಾಗ ಅವರು ಹಾಗೆ ನೋಡಿಕೊಳ್ಳುತ್ತಾರೆ.

ಈಗ ಹೆಂಡತಿಯ ವಿಷಯ ಹೇಳಬೇಕು. ಅವಳು ಸಿಟಿ ಬಸ್ಸಿನ ಡ್ರೈವರ್. ಹನ್ನೊಂದು ವರ್ಷದಲ್ಲಿ ಒಂದು ಗೀರು ಮಾಡಿದವಳಲ್ಲ. ಎರಡು ಬಸ್ಸುಗಳನ್ನು ನಡುವೆ ತಿದಿಯಂಥ ರಬ್ಬರ್ ಮಡಿಕೆಯಿಂದ ಜೋಡಿಸಿರುತ್ತಾರಲ್ಲ, ಆ ಹದಿನೆಂಟು ಮೀಟರಿನ ಉದ್ದ ಬಸ್ಸನ್ನು ಓಡಿಸಬೇಕೆಂಬುದು ಅವಳ ಬಹುದಿನದ ಆಸೆ. ಅದಕ್ಕೊಂದು ಪರೀಕ್ಷೆಯಿದೆ. ಡಿಪೋದ ಮೈದಾನದಲ್ಲಿ, ರಸ್ತೆ ರಿಪೇರಿಯ ಕಡೆ ಇಡುವ ಕಿತ್ತಳೆ ಬಣ್ಣದ ಟೋಪಿಯಂಥ ಕೋನ್‌ಗಳನ್ನು ಈ ಬದಿ ಮೂರು, ಆ ಬದಿ ಮೂರು ಇಟ್ಟಿರುತ್ತಾರೆ. ನಡುವಿನ ಜಾಗಕ್ಕೆ ಬಸ್ಸನ್ನು ಹಿಂದಕ್ಕೆ ತಂದು ನಿಲ್ಲಿಸಬೇಕು. ಒಂದು ಕೋನ್ ತಾಗಿದರೂ ಫೇಲು.

ಮೊದಲ ಸಲ ನಾನು ಬೇಲಿಯ ಹೊರಗೆ ನಿಂತು, "ಎಡಕ್ಕೆ, ಎಡಕ್ಕೆ" ಎಂದು ಕೂಗಿ ಧೈರ್ಯ ತುಂಬಿದೆ. ಎಡಗಡೆಯ ಕೋನ್ ಉರುಳಿತು. ಎರಡನೆಯ ಸಲ ಬಾಯಿ ಬಿಡುವುದಿಲ್ಲವೆಂದು ಮಾತು ಕೊಟ್ಟು, ಬರೀ ಕೈಸನ್ನೆ ಮಾಡಿದೆ. ಅವಳು ಕನ್ನಡಿಯಲ್ಲಿ ಕೋನ್ ನೋಡುವ ಬದಲು ನನ್ನ ಕೈ ನೋಡಿದಳು. ಎರಡು ಕೋನ್ ಉರುಳಿದವು. ಮೂರನೆಯ ಸಲವೂ ತಪ್ಪಿದರೆ ಆಮೇಲೆ ಅವಕಾಶವೇ ಇಲ್ಲ.

"ಈ ಸಲ ನೀವು ಬರಕೂಡದು" ಎಂದಳು. ಕೋಪದಿಂದಲ್ಲ. ಅದೇ ನನಗೆ ಹೆಚ್ಚು ನೋವಾಗಿದ್ದು. "ಮಗಳು ಬರ್ತಾಳೆ, ಬೆಂಚಿನ ಮೇಲೆ ಕೂತಿರ್ತಾಳೆ. ಹಿಂದೆ ಯಾರಾದ್ರೂ ನಿಂತು ನೋಡ್ತಿದಾರೆ ಅಂದ್ರೆ ನನಗೆ ಕೈ ನಡುಗುತ್ತೆ ರೀ."

ಹೋಗದೆ ಇರುವುದು ಹೇಗೆ? ಅವಳ ಮೂರನೆಯ, ಕೊನೆಯ ಪರೀಕ್ಷೆ. ಗಂಡನಾದವನು ಅಂಗಡಿಯಲ್ಲಿ ಕೂತು ಫ್ರೇಮಿನ ಧೂಳು ಒರೆಸಬೇಕೇ? ಆಗ ಹೊಳೆಯಿತು ಉಪಾಯ. ಗಂಡ ಬರಕೂಡದು, ಸರಿ. ಮುಖವಾಡರಾಯ ಬರಬಹುದಲ್ಲ! ಮುಖವಾಡದಿಂದ ಯಾರ ಗುರುತೂ ಮರೆಯಾಗದು ಎಂದು ಸಾಧಿಸಿದ್ದವನು ನಾನೇ ಎಂಬುದು ನೆನಪಿತ್ತು. ಆದರೆ ಅದು ಸಾಮಾನ್ಯರು ಹೊಲಿದ ಮುಖವಾಡ. ಮುಖಶಾಸ್ತ್ರ ಬಲ್ಲವನು ಕೈಯಾರೆ ಅಳತೆ ಮಾಡಿ ತಯಾರಿಸಿದರೆ ಅದರ ಮಾತೇ ಬೇರೆ.

ಶುಕ್ರವಾರ ಅಂಗಡಿಯಲ್ಲಿ ಕೆಲಸಕ್ಕೆ ಕೂತೆ. ಕಪ್ಪು ರೆಕ್ಸಿನ್ ಕತ್ತರಿಸಿ, ಮೂಗಿಗೆ ಮೆತ್ತೆ ಕೂರಿಸಿ, ಹುಬ್ಬು ಪೂರ್ತಿ ಮುಚ್ಚುವಂತೆ ಅಂಚು ಏರಿಸಿದೆ. ನನ್ನ ಕಣ್ಣಿನ ನಂಬರು ಮೈನಸ್ ಎಂಟು. ಕನ್ನಡಕ ತೆಗೆದರೆ ನನ್ನ ಅಂಗೈಯೇ ನನಗೆ ಅಪರಿಚಿತ. ಕನ್ನಡಕದ ಮೇಲೆ ಮುಖವಾಡ ಕೂರುವುದಿಲ್ಲ. ಆದ್ದರಿಂದ ಮುಖವಾಡದ ತೂತುಗಳಿಗೇ ಮಸೂರ ಕೂರಿಸಿದೆ. ಮುಖವಾಡಕ್ಕೆ ಪವರ್ ಹಾಕಿದ ಜಗತ್ತಿನ ಮೊದಲ ವೀರ ನಾನೇ ಇರಬೇಕು. ಮೇಜಿನ ಮೇಲೆ ಎರಡು ತಟ್ಟೆಗಳಿದ್ದವು. ಒಂದರಲ್ಲಿ ನನ್ನ ಮಸೂರ. ಇನ್ನೊಂದರಲ್ಲಿ ಎದುರಂಗಡಿಯ ಟೈಲರ್ ಸೂಜಿಗೆ ದಾರ ಪೋಣಿಸಲು ಮಾಡಿಸಿಕೊಂಡಿದ್ದ ಪ್ಲಸ್ ಮೂರರ ಮಸೂರ. ಕೂರಿಸಿದ ಮೇಲೆ ಹಾಕಿ ನೋಡಬೇಕೆಂದು ಗಿರಾಕಿಗಳಿಗೆ ದಿನಕ್ಕೆ ಹತ್ತು ಸಲ ಹೇಳುವವನು ನಾನು. ಹಾಕಿ ನೋಡಲಿಲ್ಲ.

ಹೊದಿಕೆಗೆ ಮನೆಯ ಹಿಂದಿನ ಕೋಣೆಯ ಕಿಟಕಿ ಪರದೆ ಒದಗಿತು, ನೇರಳೆಯ ಹತ್ತಿರದ ಬಣ್ಣ. ಮೇಲಿನ ಉಂಗುರಗಳನ್ನು ಬಿಚ್ಚಲು ಹೊತ್ತಿರಲಿಲ್ಲ. ನೀಲಿ ಕರವಸ್ತ್ರದ ಬದಲು ಮಸೂರ ಒರೆಸುವ ನೀಲಿ ಬಟ್ಟೆ ಜೇಬಿಗೆ ಹಾಕಿಕೊಂಡೆ. ಅಂಗಡಿಗೆಂದೇ ಐನೂರು ಮಾಡಿಸಿದ್ದೆ. ಶನಿವಾರ ಅವರಿಬ್ಬರೂ ಹೊರಟ ಅರ್ಧ ಗಂಟೆಗೆ ಅಂಗಡಿ ಮುಚ್ಚಿ, ಎಲ್ಲವನ್ನೂ ಚೀಲದಲ್ಲಿಟ್ಟುಕೊಂಡು ಡಿಪೋದ ಹಿಂಬಾಗಿಲಿಗೆ ಹೋದೆ.

ಡಿಪೋದ ಹಿಂದೆ ಹಳೆಯ ಟೈರುಗಳನ್ನು ಆಳೆತ್ತರ ಪೇರಿಸಿದ್ದಾರೆ. ಅದರ ಮರೆಯಲ್ಲಿ ನಿಂತೆ. ಹೊದಿಕೆ ಹೊದ್ದೆ. ಕನ್ನಡಕ ತೆಗೆದು ಚೀಲದಲ್ಲಿಟ್ಟು, ಚೀಲವನ್ನು ಒಂದು ಟೈರಿನೊಳಗೆ ಇಟ್ಟು, ಮುಖವಾಡ ಬಿಗಿದೆ. ಆಹಾ, ಕೂತ ಕೂರಿಕೆಯೇ! ಕೂದಲೆಳೆಯಷ್ಟೂ ಆಚೀಚೆ ಇಲ್ಲ. ಕಣ್ಣು ತೆರೆದೆ. ಜಗತ್ತು ಇರಲಿಲ್ಲ.

ಇರಲಿಲ್ಲವೆಂದರೆ ತೀರಾ ಇಲ್ಲವೆಂದಲ್ಲ. ನೀರಿನಲ್ಲಿ ಬಣ್ಣ ಕದಡಿದ ಹಾಗೆ ಒಂದಿಷ್ಟು ಕಪ್ಪು, ಒಂದಿಷ್ಟು ಬೂದಿ, ದೂರದಲ್ಲಿ ಒಂದಿಷ್ಟು ಕಿತ್ತಳೆ. ತಟ್ಟೆ ಅದಲುಬದಲಾಗಿದೆ ಎಂದು ತಕ್ಷಣ ಅರ್ಥವಾಯಿತು. ಬುದ್ಧಿಯೇನೂ ಮಂದವಾಗಿರಲಿಲ್ಲ. ಚೀಲಕ್ಕೆ ಕೈ ಹಾಕಿದೆ, ಟೈರು ಸಿಕ್ಕಿತು. ಪಕ್ಕಕ್ಕೆ ಹಾಕಿದೆ, ಇನ್ನೊಂದು ಟೈರು. ಕನ್ನಡಕ ಹುಡುಕಬೇಕಾದರೆ ಕಣ್ಣಿಗೆ ಕನ್ನಡಕ ಇರಬೇಕು. ಈ ಕಷ್ಟವನ್ನು ನನ್ನ ಗಿರಾಕಿಗಳು ಹೇಳಿಕೊಂಡಾಗಲೆಲ್ಲ ನಕ್ಕಿದ್ದೆ.

"ಕನ್ನಡಕದೋರೆ, ಏನ್ ಹುಡುಕ್ತಿದೀರಿ?" ಎಂದಿತು ಒಂದು ದನಿ. ಗೇಟಿನ ಕಾವಲುಗಾರ.

ನಾನು ದನಿಯನ್ನು ಹೊಟ್ಟೆಯಾಳಕ್ಕೆ ಇಳಿಸಿ, "ನೀನು ಹೇಳುವ ಮನುಷ್ಯ ನಾನಲ್ಲ" ಎಂದೆ.

"ಓ, ಹೌದಾ. ಸರಿ ಬಿಡಿ" ಎಂದ. ಆಮೇಲೆ, "ಅವರೇನಾದ್ರೂ ಸಿಕ್ಕಿದ್ರೆ ಹೇಳಿ, ನನ್ನ ಕನ್ನಡಕದ ಸ್ಕ್ರೂ ಸಡಿಲ ಆಗಿದೆ ಅಂತ" ಎಂದ.

ಏನು ಮಾಡಲಿ, ನನ್ನ ಕೈ ತಾನಾಗಿಯೇ ಜೇಬಿಗೆ ಹೋಗಿ ಪುಟ್ಟ ಸ್ಕ್ರೂಡ್ರೈವರ್ ತೆಗೆಯಿತು. ಅವನ ಕನ್ನಡಕ ಇಸಿದುಕೊಂಡು, ಬೆರಳಿನ ಸ್ಪರ್ಶದಿಂದಲೇ ಸ್ಕ್ರೂ ಬಿಗಿದು, ಕಿವಿಯ ಕಡ್ಡಿಯನ್ನೂ ತುಸು ಬಗ್ಗಿಸಿ ಕೊಟ್ಟೆ. ಕಣ್ಣು ಕಾಣದೆ ಈ ಕೆಲಸ ಮಾಡುವವರು ಬೇರೆ ಯಾರಿದ್ದಾರೆ? ಅವನಿಗೆ ಗುರುತು ಸಿಕ್ಕಿದ್ದಕ್ಕೂ ನನ್ನ ಮುಖವಾಡದ ದೋಷ ಕಾರಣವಲ್ಲ. ಅವನ ಕನ್ನಡಕವನ್ನು ಅಷ್ಟು ಚೆನ್ನಾಗಿ ಮಾಡಿಕೊಟ್ಟಿದ್ದೇ ನನ್ನ ತಪ್ಪು ಎಂದು ಸಮಾಧಾನ ಮಾಡಿಕೊಂಡೆ.

ಅಷ್ಟರಲ್ಲಿ ಬೀಪ್, ಬೀಪ್ ಎಂಬ ಸದ್ದು ಕೇಳಿತು. ಬಸ್ಸು ಹಿಂದಕ್ಕೆ ಬರುವಾಗ ಮಾಡುವ ಸದ್ದು. ಪರೀಕ್ಷೆ ಶುರುವಾಗಿದೆ! ಸರಿಯಾದ ಹೊತ್ತಿಗೆ ಬರಬೇಕೆಂಬುದು ಮುಖವಾಡರಾಯನ ಮೊದಲ ಲಕ್ಷಣ. ಪರದೆಯ ಉಂಗುರಗಳನ್ನು ಝಣಗುಟ್ಟಿಸುತ್ತ ಸದ್ದಿನ ಕಡೆಗೆ ಹೆಜ್ಜೆ ಹಾಕಿದೆ. ಎದುರಿಗೆ ಕಿತ್ತಳೆ ಬಣ್ಣದ ಅಂಗಿ ತೊಟ್ಟ ಮೂವರು ಸಾಲಾಗಿ ಕುಕ್ಕರುಗಾಲಿನಲ್ಲಿ ಕೂತಿದ್ದರು. ಡಿಪೋದ ಕೆಲಸಗಾರರು ಹಾಗೆ ಕಿತ್ತಳೆ ಅಂಗಿ ತೊಡುತ್ತಾರೆ. ಪರೀಕ್ಷೆ ನೋಡಲು ಬಂದಿರಬೇಕೆಂದು ಅವರ ಸಾಲಿಗೇ ಹೋಗಿ ಕೊನೆಯವನ ಪಕ್ಕ ನಿಂತೆ. "ಸ್ವಲ್ಪ ಜರುಗಿ" ಎಂದೆ. ಅವನು ಜರುಗಲಿಲ್ಲ, ಮಾತೂ ಆಡಲಿಲ್ಲ. ಎಂಥ ಸೊಕ್ಕಿನ ಮನುಷ್ಯ ಎಂದುಕೊಂಡು ಅವನ ಹೆಗಲ ಮೇಲೆ ಕೈ ಇಟ್ಟೆ. ರಬ್ಬರ್ ಇತ್ತು. ತುದಿಯಲ್ಲಿ ತೂತಿತ್ತು.

ನಾನು ಎಲ್ಲಿ ನಿಂತಿದ್ದೇನೆಂಬುದು ಆಗ ತಿಳಿಯಿತು.

"ಅಪ್ಪಾ, ಅಲುಗಾಡ್ಬೇಡ" ಎಂದು ಬೆಂಚಿನ ಕಡೆಯಿಂದ ಮಗಳ ದನಿ ಬಂತು. ಹೋಗುವುದೇ ಮುಖ್ಯ ಎಂದಿದ್ದವಳು ಅವಳೇ. ಆದರೆ ಯಾವ ಕಡೆಗೆ ಹೋಗುವುದು? ಮುಂದೆ ಹೆಜ್ಜೆಯಿಟ್ಟರೆ ಬಸ್ಸಿನ ದಾರಿ. ಪಕ್ಕಕ್ಕೆ ಇಟ್ಟರೆ ಕೋನ್ ಉರುಳುತ್ತದೆ, ಉರುಳಿಸಿದ್ದು ಬಸ್ಸೋ ಗಂಡನೋ ಎಂದು ಯಾರು ವಿಚಾರಿಸುತ್ತಾರೆ? ಹನ್ನೊಂದು ವರ್ಷದ ಅವಳ ಆಸೆ ನನ್ನ ಎಡಗಾಲಿನ ಹೆಬ್ಬೆರಳಿನ ಮೇಲೆ ನಿಂತಿತ್ತು. ಬೀಪ್ ಸದ್ದು ಹತ್ತಿರವಾಯಿತು. ಒಮ್ಮೆ ನಿಂತಿತು. ಮತ್ತೆ ಶುರುವಾಯಿತು, ಮೊದಲಿಗಿಂತ ನಿಧಾನವಾಗಿ, ಒಂದೇ ಸಮನೆ. ಆನೆಯಷ್ಟು ದೊಡ್ಡ ಹಸಿರು ಬಣ್ಣವೊಂದು ಬಲಗಡೆಯಿಂದ ಬಂದು ಬಂದು ಎಷ್ಟು ಹತ್ತಿರವಾಯಿತೆಂದರೆ, ನನ್ನ ಮೂಗಿನ ಬಿಸಿ ಉಸಿರು ಅದಕ್ಕೆ ತಾಗಿ ನನಗೇ ವಾಪಸು ಬಂತು. ಹೇಳಬೇಕೆಂದು ಬಾಯಿಪಾಠ ಮಾಡಿದ್ದ ಮಾತು ಮರೆತುಹೋಗಿತ್ತು. ನೀಲಿ ಬಟ್ಟೆಯನ್ನು ಗಂಭೀರವಾಗಿ ಕೆಳಗೆ ಬಿಟ್ಟೆ ಎಂದು ಬರೆಯಬಹುದಿತ್ತು. ಇದು ತಪ್ಪೊಪ್ಪಿಗೆಯಾದ್ದರಿಂದ ಹೇಳುತ್ತೇನೆ, ಕೈಯಿಂದ ಜಾರಿತು.

ಬಸ್ಸು ನಿಂತಿತು. ಎಂಜಿನ್ ಆರಿತು. ಎರಡು ಜೊತೆ ಬೂಟಿನ ಸದ್ದು ನನ್ನ ಮುಂದೆ ಬಂದು ನಿಂತಿತು.

"ಯಾರಮ್ಮ ಇವರು?" ಇದು ಪರೀಕ್ಷಕರ ದನಿ.

ನನ್ನ ಹೆಂಡತಿ, ಮುಖ ನೋಡದೆಯೇ ನನಗೆ ಗೊತ್ತಾಗುವ ಹೆಂಡತಿ, ಬಹಳ ಶಾಂತವಾಗಿ ಹೇಳಿದಳು: "ಗೊತ್ತಿಲ್ಲ ಸಾರ್. ಮುಖವಾಡ ಹಾಕ್ಕೊಂಡಿದಾರಲ್ಲ."

ಆಗ ನನಗಾದ ಹಿಗ್ಗು ಹೇಳತೀರದು. ಹದಿನಾರು ವರ್ಷ ಜೊತೆಗಿದ್ದ ಹೆಂಡತಿಗೇ ಗುರುತು ಸಿಗಲಿಲ್ಲ! ಮುಖವೆಂದರೆ ಏನೆಂದು ಬಲ್ಲವನ ಕೈಕೆಲಸ! ತಲೆ ಎತ್ತಿ, ಹೊದಿಕೆ ಬೀಸಿ, ಬಂದ ದಾರಿಯಲ್ಲೇ ಮರೆಯಾಗಲು ತಿರುಗಿದೆ. ಬಂದ ದಾರಿ ಯಾವುದೆಂದು ತಿಳಿಯದೆ ಮೂರು ಹೆಜ್ಜೆಗೆ ನಿಂತಾಗ ಕಾವಲುಗಾರ ಬಂದು ಕೈ ಹಿಡಿದುಕೊಂಡ. "ಬನ್ನಿ ವೀರರೇ, ಈ ಕಡೆ" ಎಂದು ಹೊರಗೆ ಕರೆದೊಯ್ದು, ಮನೆಯ ಕಡೆ ಹೋಗುವ ಬಸ್ಸಿನಲ್ಲಿ ಕೂರಿಸಿದ.

ಮನೆಯಲ್ಲಿ ಒಂದು ಹಳೆಯ ಕನ್ನಡಕವಿತ್ತು, ಒಂದು ಕಡೆಯ ಕಡ್ಡಿ ಮುರಿದಿದ್ದು. ಅದನ್ನು ಒಂದು ಕೈಯಲ್ಲಿ ಹಿಡಿದುಕೊಂಡು, ಇನ್ನೊಂದು ಕೈಯಲ್ಲಿ ಪರದೆ ತೂಗುಹಾಕಿ, ಸೋಫಾದ ಮೇಲೆ ಪೇಪರ್ ಓದುತ್ತ ಕೂತೆ. ತಾಯಿ ಮಗಳು ಬಂದರು.

"ಪರೀಕ್ಷೆ ಏನಾಯ್ತು?" ಎಂದು ಏನೂ ಅರಿಯದವನಂತೆ ಕೇಳಿದೆ.

"ಪಾಸು" ಎಂದಳು. ಅವಳ ಮುಖ ನೋಡಬೇಕಿತ್ತು. ನನ್ನ ಅಂಗಡಿಯಲ್ಲಿ ಮೊದಲ ಸಲ ಕನ್ನಡಕ ಹಾಕಿಕೊಂಡು ಎದುರಿನ ಮರದ ಎಲೆ ಎಲೆಯನ್ನೂ ಕಂಡವರ ಮುಖ ಹಾಗಿರುತ್ತದೆ. ಹೆಮ್ಮೆಯಿಂದ ಎದ್ದು ಅವಳ ಎರಡೂ ಕೈ ಹಿಡಿದುಕೊಂಡೆ. ಹಿಡಿಯುವವರಿಲ್ಲದೆ ಕನ್ನಡಕ ಕೆಳಗೆ ಬಿತ್ತು.

"ಯಾರೋ ಒಬ್ರು ಮುಖವಾಡದವರು ಬಂದಿದ್ರು" ಎಂದಳು.

ನಾನು ಅಲ್ಲಿಗೆ ಬಿಡಬಹುದಿತ್ತು. "ಹೌದಾ? ನೋಡೋಕೆ ಹೇಗಿದ್ರು?" ಎಂದೆ.

"ಚೆನ್ನಾಗೇ ಇದ್ರು. ನಮ್ಮನೆ ಕಿಟಕಿ ಪರದೆ ಹೊದ್ಕೊಂಡಿದ್ರು."

ಮಗಳು ಅಷ್ಟು ಹೊತ್ತು ತಡೆದುಕೊಂಡಿದ್ದ ನಗುವನ್ನೆಲ್ಲ ಒಟ್ಟಿಗೆ ಬಿಟ್ಟಳು. ಹೆಂಡತಿ ಚೀಲದಿಂದ ನನ್ನ ಕನ್ನಡಕ ತೆಗೆದು, ಒರೆಸಿ, ನನ್ನ ಮೂಗಿನ ಮೇಲಿಟ್ಟಳು. ಟೈರಿನೊಳಗೆ ಕಾವಲುಗಾರನಿಗೆ ಸಿಕ್ಕಿತಂತೆ.

"ಹಾಗಾದ್ರೆ ಗೊತ್ತಾಗಿತ್ತಾ?"

"ಹದಿನೆಂಟು ಮೀಟರ್ ದೂರದಿಂದ, ಕನ್ನಡೀಲಿ ಗೊತ್ತಾಯ್ತು. ನೀವು ನಿಲ್ಲೋದೇ ಹಾಗೆ, ಒಂದು ಹೆಗಲು ಕೆಳಗೆ. ಒಂದು ಸಲ ನಿಲ್ಲಿಸಿದೆ. ಇಳಿದುಬಿಡೋಣ ಅನ್ನಿಸ್ತು. ಆಮೇಲೆ ನೆನಪಾಯ್ತು, ಸ್ವಲ್ಪ ಮುಂಚೆ ನೀವು ಆ ಕೋನನ್ನ ಮಾತಾಡಿಸ್ತಿದ್ರಿ. ಇವರಿಗೆ ಏನೂ ಕಾಣಿಸ್ತಿಲ್ಲ ಅಂತ ಆಗ ಗೊತ್ತಾಯ್ತು. ಇಷ್ಟು ದಿನ ಹಿಂದೆ ನಿಂತು ನೋಡೋರಿಗೆ ಹೆದರ್ತಿದ್ದೆ. ಈಗ ನೋಡೋರೇ ಇಲ್ಲ. ನಮ್ಮಿಬ್ರಲ್ಲಿ ಕಣ್ಣಿರೋಳು ನಾನೊಬ್ಳೇ. ಕೈ ನಡುಗೋದು ನಿಂತುಹೋಯ್ತು ರೀ."

"ಮತ್ತೆ ಪರೀಕ್ಷಕರ ಹತ್ರ ಗೊತ್ತಿಲ್ಲ ಅಂದೆ?"

ಉತ್ತರ ಹೇಳಿದವಳು ಮಗಳು. ನೋಟ್‌ಬುಕ್ ತೆರೆಯಲೂ ಇಲ್ಲ. "ಆ ಹುಡುಗಿಗೆ ಮೊದಲ ಕಂತಿಂದಾನೂ ಗೊತ್ತು ಅಪ್ಪ. ಅವನು ಅಷ್ಟು ಕಷ್ಟಪಟ್ಟು ವೇಷ ಹಾಕ್ಕೊಂಡು ಬರ್ತಾನಲ್ಲ, ಅದಕ್ಕೇ ಗೊತ್ತಿಲ್ಲದ ಹಾಗೆ ಇರ್ತಾಳೆ. ಇದು ಗೊತ್ತಾಗದೇ ಇರೋನು ನೀನೊಬ್ನೇ."

ಹೆಂಡತಿ ನನ್ನ ಕಡೆಗೆ ಒಂದು ಗೇಣು ಬಾಗಿದಳು. ನನ್ನ ಕಣ್ಣಿನಲ್ಲಿ ಯಾವ ಕಸವೂ ಇರಲಿಲ್ಲ. "ಹೆದರಿದ್ರಿ. ಆದ್ರೂ ಬಂದ್ರಿ. ಅಷ್ಟು ಸಾಕು" ಎಂದಳು.

ಇಷ್ಟಕ್ಕೆ ಮುಗಿಸಿದ್ದರೆ ನಾನು ಇಂದಿಗೂ ನೆಲ ಬಿಟ್ಟು ಒಂದಡಿ ಮೇಲೆಯೇ ಓಡಾಡುತ್ತಿದ್ದೆ. ಆದರೆ ಅವಳು ಪರೀಕ್ಷೆಯ ಹಾಳೆ ತೆಗೆದು ಮುಂದಿಟ್ಟಳು. ಅದಕ್ಕೆ ಪಿನ್ ಹಾಕಿ ನನ್ನ ನೀಲಿ ಬಟ್ಟೆಯನ್ನೂ ಸೇರಿಸಿದ್ದರು. ಬಟ್ಟೆಯ ಮೂಲೆಯಲ್ಲಿ ನಮ್ಮ ಅಂಗಡಿಯ ಹೆಸರು, ವಿಳಾಸ, ಫೋನ್ ನಂಬರು, ವಾರದ ರಜೆ ಎಲ್ಲ ಮುದ್ದಾಗಿ ಅಚ್ಚಾಗಿತ್ತು.

"ನೀವು ಆ ಕಡೆ ಹೋದ ಮೇಲೆ ಪರೀಕ್ಷಕರು ಈ ನಂಬರಿಗೆ ಫೋನ್ ಮಾಡಿದ್ರು" ಎಂದಳು.

"ಅಂಗಡಿ ಮುಚ್ಚಿತ್ತಲ್ಲ?"

"ಹೌದು. ಮುಚ್ಚಿದ್ದಾಗ ಬರೋ ಫೋನೆಲ್ಲ ಯಾರಿಗೆ ಬರೋ ಹಾಗೆ ಮಾಡಿಟ್ಟಿದೀರಿ? ಅವರ ಎದುರಿಗೇ ನನ್ನ ಜೇಬಲ್ಲಿ ರಿಂಗ್ ಆಯ್ತು."

ಹಾಳೆಯಲ್ಲಿ ಒಂದೊಂದು ಕೋನಿಗೂ ಒಂದೊಂದು ಸಾಲು. ಆರು ಸಾಲನ್ನು ಹಿಗ್ಗಿನಿಂದ ಗಟ್ಟಿಯಾಗಿ ಓದಿದೆ. ತಾಗಿಲ್ಲ, ತಾಗಿಲ್ಲ, ಆರಕ್ಕೆ ಆರೂ ತಾಗಿಲ್ಲ! ಕೆಳಗೆ ಪರೀಕ್ಷಕರು ಕೈಬರಹದಲ್ಲಿ ಏಳನೆಯ ಸಾಲೊಂದನ್ನು ಸೇರಿಸಿ ಸಹಿ ಹಾಕಿದ್ದರು. ಅದನ್ನು ಮನಸ್ಸಿನಲ್ಲೇ ಓದಿಕೊಂಡೆ.

ಆ ಹಾಳೆಯ ಪ್ರತಿಗೆ ಈಗ ಕಟ್ಟು ಹಾಕಿಸಿ, ಅಂಗಡಿಯಲ್ಲಿ ಕಣ್ಣಿನ ಪರೀಕ್ಷೆಗೆ ಇಟ್ಟ ಅಕ್ಷರಗಳ ಹಲಗೆಯ ಪಕ್ಕದಲ್ಲೇ ನೇತುಹಾಕಿದ್ದೇನೆ. ಹೆಂಡತಿಯ ಸಾಧನೆ, ನಾಲ್ಕು ಜನ ನೋಡಲಿ. ಗಿರಾಕಿಗಳಿಗೆ ಹೊಸ ಕನ್ನಡಕ ಹಾಕಿಸಿದ ಮೇಲೆ ಅದರ ಮೊದಲ ಆರು ಸಾಲು ಓದಿಸುತ್ತೇನೆ. ಅಷ್ಟು ಸಾಕು ಎಂದರೂ ಯಾರೂ ಅಲ್ಲಿಗೆ ನಿಲ್ಲಿಸುವುದಿಲ್ಲ. ನಾನು ಕೊಟ್ಟ ಮಸೂರ ಅಷ್ಟು ಒಳ್ಳೆಯದು. ಎಲ್ಲರೂ ಏಳನೆಯದನ್ನೂ ಓದುತ್ತಾರೆ, ಅದೂ ಅಂಗಡಿಯಲ್ಲಿರುವವರಿಗೆಲ್ಲ ಕೇಳಿಸುವ ಹಾಗೆ:

"ಏಳನೆಯ ಕೋನ್: ಗಂಡ. ತಾಗಿಲ್ಲ."